ಪೆರಿಗೋರ್‌ನಲ್ಲಿ ಒಂದು ವಾರ: ಗುಹೆ, ಕೋಟೆ ಮತ್ತು ಎರಡು ಹೆಸರಿನ ಊರುಗಳು

ಫ್ರಾನ್ಸ್ ಎಂದರೆ ಪ್ಯಾರಿಸ್, ಐಫೆಲ್ ಗೋಪುರ, ಅಲ್ಲಿಗೆ ಮುಗಿಯಿತು ಎಂದುಕೊಂಡವರಲ್ಲಿ ನಾವೂ ಇದ್ದೆವು. ಈ ಸಲ ನೈರುತ್ಯ ಮೂಲೆಯ ಪೆರಿಗೋರ್ ಎಂಬ ಹಳ್ಳಿಗಾಡಿನಲ್ಲಿ ಒಂದು ವಾರ ಇದ್ದು ಬಂದೆವು. ಹೋಗಬೇಕೆನ್ನುವ ಸದಸ್ಯರಿಗೆ ಉಪಯೋಗವಾಗಲಿ ಎಂದು ಈ ಬರಹ.

ಸರ್ಕಾರಿ ದಾಖಲೆಯಲ್ಲಿ ಇದು ದೋರ್ದೋನ್ ಜಿಲ್ಲೆ. 1790ರಲ್ಲಿ ಹಳೆಯ ಸೀಮೆಗಳನ್ನು ಅಳಿಸಿ ನದಿಗಳ ಹೆಸರಿನಲ್ಲಿ ಜಿಲ್ಲೆಗಳನ್ನು ಮಾಡಿದಾಗ ಬಂದ ಹೆಸರದು. ಜನರ ಬಾಯಲ್ಲಿ ಮಾತ್ರ ಇಂದಿಗೂ ಪೆರಿಗೋರ್.

ಬೆನಾಕ್ ಕೋಟೆಯ ಮೇಲೆ ನಿಂತರೆ ಹೊಳೆಯಾಚೆ ಕಸ್ತೆಲ್ನೋ ಕೋಟೆ ಎದುರಿಗೇ ಕಾಣುತ್ತದೆ. 1152ರಲ್ಲಿ ಅಕಿತೇನ್‌ನ ಒಡತಿ ಎಲಿಯನೋರ್ ಮದುವೆಯಾದ ಹೆನ್ರಿ ಎರಡೇ ವರ್ಷದಲ್ಲಿ ಇಂಗ್ಲೆಂಡಿನ ರಾಜನಾದ. ಅವಳ ನಾಡೂ ಆ ಸಿಂಹಾಸನದ ಜೊತೆ ಸೇರಿಕೊಂಡಿತು. ಮುಂದೆ 1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಬೆನಾಕ್ ಫ್ರೆಂಚರ ಪಕ್ಷ. ಕಸ್ತೆಲ್ನೋ ಹಲವು ಸಲ ಕೈ ಬದಲಾಯಿಸುತ್ತಾ ಬಹುಕಾಲ ಇಂಗ್ಲಿಷರ ಪಕ್ಷ. ನಡುವಿನ ಹೊಳೆಯೇ ಗಡಿ. ಗಡಿಯಲ್ಲಿ ಬದುಕುವುದು ಹೇಗೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಲಾಸ್ಕೋ ಗುಹೆಯನ್ನು 1940ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಹುಡುಗರು ಕಂಡುಹಿಡಿದರು. ಹದಿನೇಳು ಸಾವಿರ ವರ್ಷಕ್ಕೂ ಹಿಂದಿನ ಎತ್ತು, ಕುದುರೆ, ಜಿಂಕೆಗಳು ಗೋಡೆಯ ಮೇಲಿವೆ. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ನುಗ್ಗಿ, ಅವರ ಉಸಿರು, ಬಿಸಿ, ತೇವಕ್ಕೆ ಬಣ್ಣ ಕೆಡತೊಡಗಿ, 1963ರಲ್ಲಿ ಬಾಗಿಲು ಹಾಕಿದರು. ಈಗ ನೋಡಸಿಗುವುದು 2016ರಲ್ಲಿ ತೆರೆದ ಪ್ರತಿಕೃತಿ. ನಕಲು ನೋಡಲು ಅಷ್ಟು ದೂರವೇ ಎಂದು ನಮ್ಮಲ್ಲೊಬ್ಬರು ಗೊಣಗಿದರು. ಒಳಗೆ ಹೋದ ಮೇಲೆ ಅವರೇ ಎಲ್ಲರಿಗಿಂತ ತಡವಾಗಿ ಹೊರಬಂದರು. ಅಸಲಿಯೇ ಬೇಕೆಂದರೆ ಫೋಂ-ದ-ಗೋಮ್ ಗುಹೆ ಇದೆ. ಅಲ್ಲಿ ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಟಿಕೆಟ್ ಬಹಳ ಮುಂಚೆ ಮಾಡಿಸಬೇಕು.

ಊಟದ ವಿಷಯ. ಸಸ್ಯಾಹಾರಿಗಳೇ, ಆಲೂಗಡ್ಡೆಯನ್ನೂ ನಂಬಬೇಡಿ! ಸಾರ್ಲಾ ಪಟ್ಟಣದ ಹೆಸರಾಂತ ಆಲೂಗಡ್ಡೆ ಪಲ್ಯ ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಬುಧವಾರ, ಶನಿವಾರ ಅಲ್ಲಿ ಸಂತೆ. ಅಕ್ರೋಟು, ಅಕ್ರೋಟಿನ ಎಣ್ಣೆ, ಸ್ಟ್ರಾಬೆರಿ, ಆಡಿನ ಹಾಲಿನ ಚೀಸ್ ತಂದು, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಅನ್ನ ಬೇಯಿಸಿಕೊಂಡೆವು. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನಬೇಕು. ಅದಿಲ್ಲದೆ ನೇರ ಸಾಮಾನು ಕೇಳಿದರೆ ಮುಖ ಗಂಟು ಹಾಕುತ್ತಾರೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಊರ ಹೊರಗಿನ ಫಲಕಗಳು. ಅನೇಕ ಕಡೆ ಫ್ರೆಂಚ್ ಹೆಸರಿನ ಕೆಳಗೆ ಇನ್ನೊಂದು ಹೆಸರಿದೆ. ಬೆರ್ಜೆರಾಕ್ ಕೆಳಗೆ ಬ್ರಜೈರಾಕ್. ಅದು ಆಕ್ಸಿಟನ್. ಹನ್ನೆರಡನೆಯ ಶತಮಾನದಲ್ಲೇ ಈ ಸೀಮೆಯ ಬೆರ್ತ್ರಾನ್ ದ ಬೋರ್ನ್ ಹಾಡು ಕಟ್ಟಿದ ನುಡಿ. ಪ್ರೊವಾನ್ಸ್‌ನ ಮಿಸ್ತ್ರಾಲ್‌ಗೆ 1904ರ ನೊಬೆಲ್ ಬಂದದ್ದೂ ಇದರ ಕಾವ್ಯಕ್ಕೆ. ಆದರೆ ಶಾಲೆಯಲ್ಲಿ ಆ ಮಾತಾಡಿದ ಮಗುವಿಗೆ ಶಿಕ್ಷೆಯಿತ್ತು. ನಮ್ಮ ಮನೆಯೊಡತಿ, ಎಪ್ಪತ್ತು ದಾಟಿದಾಕೆ, ಹೇಳಿದ್ದಿಷ್ಟು: ಅಪ್ಪ-ಅಮ್ಮ ತಮ್ಮತಮ್ಮಲ್ಲಿ ಅದನ್ನೇ ಆಡುತ್ತಿದ್ದರು, ಮಕ್ಕಳ ಕಡೆ ತಿರುಗಿದರೆ ಫ್ರೆಂಚ್. ಭಾಷೆ ಅನ್ನುತ್ತಲೂ ಇರಲಿಲ್ಲವಂತೆ, ‘ಪತ್ವಾ’, ಅಂದರೆ ಹಳ್ಳಿ ಮಾತು. ಆಕೆಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಮೊಮ್ಮಕ್ಕಳಿಗೆ ಫಲಕ ಮಾತ್ರ.

ಫಲಕದಲ್ಲಿ ಕನ್ನಡವೂ ಇರಲಿ ಎಂದು ಮನವಿ ಕೊಟ್ಟು ಕೊಟ್ಟು ರೂಢಿಯಾದ ನಮಗೆ, ಫಲಕವಿದ್ದೂ ಮನೆಯೊಳಗೆ ಮಾತಿಲ್ಲದಿರುವುದು ಹೊಸದಾಗಿ ಕಂಡಿತು. ಆ ರಾತ್ರಿ ಊಟದ ಮೇಜಿನಲ್ಲಿ ನಮ್ಮ ಮಕ್ಕಳು ತಮ್ಮತಮ್ಮಲ್ಲಿ ಯಾವ ಭಾಷೆ ಆಡುತ್ತಿದ್ದಾರೆಂದು ಕಿವಿಗೊಟ್ಟೆವು. ಇಂಗ್ಲಿಷ್.

ಹೋಗುವವರು ಜುಲೈ ತಿಂಗಳ ಮೊದಲ ಭಾನುವಾರ ಅಲ್ಲಿರುವಂತೆ ನೋಡಿಕೊಳ್ಳಿ. ಅಂದು ‘ಫೆಲಿಬ್ರೆ’ ಎಂಬ ಆಕ್ಸಿಟನ್ ಹಬ್ಬ, ವರ್ಷಕ್ಕೊಂದು ಊರಿನಲ್ಲಿ. ಬೀದಿಗೆಲ್ಲ ಕಾಗದದ ಹೂವಿನ ತೋರಣ, ಹಳೆಯ ಉಡುಗೆ, ಹಾಡು. ಬೇಸಿಗೆಯಲ್ಲಿ ಮನೆ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಬೋರ್ಡೋದಿಂದ ಸಾರ್ಲಾಗೆ ರೈಲಿದೆ, ಆದರೆ ಹಳ್ಳಿ ಸುತ್ತಲು ಕಾರು ಇಲ್ಲದಿದ್ದರೆ ಆಗದು. ಶೆಂಗೆನ್ ವೀಸಾಕ್ಕೆ ಬೇಗ ಅರ್ಜಿ ಹಾಕಿ.