ಹೊರನಾಡಿಗೆ ಹೊರಡುವ ದ್ವಿಭಾಷಿಕರಿಗೆ ಯಾವ ಊರು? – ಕೊಲ್ಕತ್ತಾದ ನಿದರ್ಶನ

ಎರಡು ಭಾಷೆಗಳನ್ನು ಓದಿ ಬರೆಯಬಲ್ಲ ಕನ್ನಡಿಗರು ಉದ್ಯೋಗಾರ್ಥವಾಗಿ ನಾಡಿನಾಚೆಗೆ ಹೊರಡುವಾಗ ಸಾಮಾನ್ಯವಾಗಿ ಸಂಬಳ, ಮನೆಬಾಡಿಗೆ, ತಾಯ್ನಾಡಿಗಿರುವ ದೂರ ಎಂಬ ಮೂರು ಅಂಶಗಳನ್ನು ತೂಗಿನೋಡುತ್ತಾರೆ. ಇವುಗಳ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ಊರಿನಲ್ಲಿ ನಮ್ಮ ಕನ್ನಡವೇ ಕೆಲಸವಾಗುತ್ತದೆಯೇ, ಅಥವಾ ಅದು ಮನೆಮಾತಾಗಿ ಮಾತ್ರ ಉಳಿಯುತ್ತದೆಯೇ? ಇದಕ್ಕೆ ಉತ್ತರವು ಊರಿನ ಗಾತ್ರವನ್ನಾಗಲಿ, ಅಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆಯನ್ನಾಗಲಿ ಅವಲಂಬಿಸಿಲ್ಲ ಎಂಬುದನ್ನು ಕೊಲ್ಕತ್ತಾದ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಮುಂಬಯಿಯನ್ನು ನೆನೆಯೋಣ. ಕರಾವಳಿಯಿಂದ ಅಲ್ಲಿಗೆ ಹೋದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತರು. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳಂತಹ ಸಂಸ್ಥೆಗಳು ಬೆಳೆದವು. ಅಲ್ಲಿ ಕನ್ನಡವನ್ನು ಪೋಷಿಸಿದ್ದು ಜನಸಮುದಾಯ. ಆದರೆ ಆ ದುಡಿಮೆಗಾರರಲ್ಲಿ ಬಹುಪಾಲು ಜನರ ಉದ್ಯೋಗಕ್ಕೆ ಕನ್ನಡ ಬೇಕಾಗಿರಲಿಲ್ಲ. ಕೊಲ್ಕತ್ತಾದಲ್ಲಿ ಪರಿಸ್ಥಿತಿ ಇದಕ್ಕೆ ತಿರುವುಮುರುವು. ಅಲ್ಲಿ ಕನ್ನಡಿಗರ ಸಮುದಾಯ ಚಿಕ್ಕದು. ಕನ್ನಡವನ್ನು ಬೇಡುವ ಕಚೇರಿಗಳು ಮಾತ್ರ ರಾಷ್ಟ್ರಮಟ್ಟದವು.

ಇದಕ್ಕೆ ಐತಿಹಾಸಿಕ ಕಾರಣವಿದೆ. 1911ರಲ್ಲಿ ರಾಜಧಾನಿಯನ್ನು ದೆಹಲಿಗೆ ಒಯ್ಯುವ ನಿರ್ಧಾರ ಪ್ರಕಟವಾಗುವವರೆಗೆ ಕಲ್ಕತ್ತೆಯೇ ಬ್ರಿಟಿಷ್ ಭಾರತದ ರಾಜಧಾನಿ. ಇಡೀ ದೇಶವನ್ನು ಅಳೆಯುವ, ಎಣಿಸುವ, ಪಟ್ಟಿಮಾಡುವ ಹಲವು ಕಚೇರಿಗಳು ಅಲ್ಲಿ ಬೇರೂರಿದವು. ಕನ್ನಡದ ಸಂಬಂಧವೂ ಹಳೆಯದೇ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಹೂಗ್ಲಿ ನದಿಯ ದಡದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ ಕನ್ನಡ ಬಲ್ಲವರಿಗೆ ಸಂಬಳದ ಕೆಲಸ ದೊರೆಯುವುದು ಹೊಸತಲ್ಲ.

ಇಂದು ಈ ಬಗೆಯ ಕೆಲಸದ ಮುಖ್ಯ ನೆಲೆ ಬೆಲ್ವೆಡೇರ್ ಆವರಣದ ರಾಷ್ಟ್ರೀಯ ಗ್ರಂಥಾಲಯ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಅಲ್ಲಿಗೆ ಕಳುಹಿಸಬೇಕು. ಧಾರವಾಡದಲ್ಲಿ ಅಚ್ಚಾದ ಕವನಸಂಕಲನವಾಗಲಿ, ಪುತ್ತೂರಿನಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗವಾಗಲಿ ಈ ನಿಯಮಕ್ಕೆ ಹೊರತಲ್ಲ. ಅದೇ ಆವರಣದಲ್ಲಿ 1955ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉಲ್ಲೇಖ ಗ್ರಂಥಾಲಯವು ಈ ಪುಸ್ತಕಗಳ ವಿವರಗಳನ್ನು ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ರೋಮನ್ ಲಿಪಿಯಲ್ಲಿ ಸೇರಿಸುತ್ತದೆ.

ಇಲ್ಲಿ ಅಕ್ಷರಜ್ಞಾನ ಮಾತ್ರ ಸಾಲದು. ‘ಮಾಸ್ತಿ ವೆಂಕಟೇಶ ಅಯ್ಯಂಗಾರ್’ ಎಂಬ ಹೆಸರಿನಲ್ಲಿ ಮೊದಲ ಪದ ಊರಿನದು, ‘ಕೆ. ವಿ. ಪುಟ್ಟಪ್ಪ’ ಮತ್ತು ‘ಕುವೆಂಪು’ ಒಬ್ಬರೇ. ‘ಶ್ರೀರಂಗ’ ಎಂದರೆ ಆದ್ಯ ರಂಗಾಚಾರ್ಯ. ಲಕಾರ ಳಕಾರಗಳನ್ನು ರೋಮನ್ ಲಿಪಿಯಲ್ಲಿ ಬೇರ್ಪಡಿಸಿ ತೋರಿಸದಿದ್ದರೆ ‘ಹಲ್ಲಿ’ಯೂ ‘ಹಳ್ಳಿ’ಯೂ ಒಂದೇ ಆಗುತ್ತವೆ. ಇದನ್ನು ಬಲ್ಲವರು ಆ ಮೇಜಿನ ಬಳಿ ಕುಳಿತಿರದಿದ್ದರೆ ಪುಸ್ತಕವು ಕಪಾಟಿನಲ್ಲಿದ್ದೂ ಓದುಗನ ಪಾಲಿಗೆ ಇಲ್ಲದಂತೆಯೇ. ಆದುದರಿಂದ ಒಬ್ಬ ಕನ್ನಡಿಗ ಕೊಲ್ಕತ್ತಾಕ್ಕೆ ಹೋಗಲು ಒಪ್ಪುವುದು ಅಥವಾ ಒಲ್ಲೆನೆನ್ನುವುದು ಕೇವಲ ಅವನ ಸ್ವಂತ ವಿಚಾರವಾಗಿ ಉಳಿಯುವುದಿಲ್ಲ.

ಎರಡನೆಯ ನೆಲೆ ಜನಗಣತಿ ಇಲಾಖೆಯ ಭಾಷಾ ವಿಭಾಗ. ಅದೂ ಕೊಲ್ಕತ್ತಾದಲ್ಲಿದೆ. 2011ರ ಜನಗಣತಿಯಲ್ಲಿ ಜನರು ತಮ್ಮ ಮಾತೃಭಾಷೆಯೆಂದು ಬರೆಸಿದ ಹೆಸರುಗಳು 19,569. ಪರಿಶೀಲನೆಯ ತರುವಾಯ ಅವು 1,369 ಮಾತೃಭಾಷೆಗಳಾಗಿ, ಕೊನೆಗೆ 121 ಭಾಷೆಗಳಾಗಿ ವರ್ಗೀಕರಣಗೊಂಡವು. ಬಡಗವು ಕನ್ನಡದಡಿಯಲ್ಲಿ ಎಣಿಕೆಯಾಗುತ್ತದೆ. ತುಳು ಮತ್ತು ಕೊಡವ ಪ್ರತ್ಯೇಕವಾಗಿ ನಿಲ್ಲುತ್ತವೆ. ಇಂತಹ ವಿಂಗಡಣೆಗೆ ಭಾಷಾವಿಜ್ಞಾನದೊಡನೆ ದಕ್ಷಿಣದ ನುಡಿಗಳ ಒಳಪರಿಚಯವೂ ಅವಶ್ಯಕ.

ಹಾಗೆಂದು ಕೊಲ್ಕತ್ತಾದ ಎಲ್ಲ ರಾಷ್ಟ್ರೀಯ ಸಂಸ್ಥೆಗಳಲ್ಲಿಯೂ ಕನ್ನಡಕ್ಕೆ ಎಡೆಯಿದೆಯೆಂದು ಭಾವಿಸಬಾರದು. ಸಾಹಿತ್ಯ ಅಕಾದೆಮಿಯ ಪ್ರಾದೇಶಿಕ ಕಚೇರಿ ಅಲ್ಲಿದೆ. ಆದರೆ ಅಕಾದೆಮಿಯ ಕನ್ನಡದ ಕೆಲಸ ನಡೆಯುವುದು ಬೆಂಗಳೂರಿನ ಕಚೇರಿಯಿಂದ. ಭೂವೈಜ್ಞಾನಿಕ ಸಮೀಕ್ಷೆಯ ಕೇಂದ್ರ ಕಚೇರಿಯಲ್ಲಿ ಕನ್ನಡಿಗರಿಗೆ ಹುದ್ದೆ ದೊರೆಯಬಹುದು, ಕನ್ನಡಕ್ಕೆ ದೊರೆಯದು. ಮಾನವಶಾಸ್ತ್ರ ಸಮೀಕ್ಷೆಯದು ನಡುವಣ ಸ್ಥಿತಿ: ಕೇಂದ್ರ ಕಚೇರಿ ಕೊಲ್ಕತ್ತಾದಲ್ಲಿ, ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿ. ಮೇಲಾಗಿ, ಭಾಷೆಯನ್ನೇ ಬೇಡುವ ಹುದ್ದೆಗಳು ಬೆರಳೆಣಿಕೆಯವು. ಅವಕ್ಕೆ ಗ್ರಂಥಾಲಯ ವಿಜ್ಞಾನ ಅಥವಾ ಭಾಷಾವಿಜ್ಞಾನದ ಪದವಿಯೂ ಬೇಕು. ಕನ್ನಡ ಎಂ.ಎ. ಒಂದನ್ನೇ ನಂಬಿ ಹೊರಡುವುದು ಉಚಿತವಲ್ಲ.

ಇನ್ನು ಬದುಕಿನ ವಿಚಾರ. ಕೇಂದ್ರ ಸರ್ಕಾರದ ಮನೆಬಾಡಿಗೆ ಭತ್ಯೆಗೆ ಕೊಲ್ಕತ್ತಾ, ಮುಂಬಯಿ, ದೆಹಲಿ, ಬೆಂಗಳೂರು ನಾಲ್ಕೂ ಒಂದೇ ‘ಎಕ್ಸ್’ ವರ್ಗದ ನಗರಗಳು. ಭತ್ಯೆಯ ಪ್ರಮಾಣ ಒಂದೇ. ಬಾಡಿಗೆ ಮಾತ್ರ ಮುಂಬಯಿಗಿಂತ ಕೊಲ್ಕತ್ತಾದಲ್ಲಿ ಕಡಿಮೆ. ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣ ಭಾರತೀಯರ ಹಳೆಯ ನೆಲೆಯಿದೆ. ಕಾಫಿಪುಡಿ, ಕರಿಬೇವುಗಳಿಗೆ ಅಲೆಯಬೇಕಾಗಿಲ್ಲ. ಆದರೆ ಕಚೇರಿಯ ಹೊರಗೆ ಇಂಗ್ಲಿಷ್ ಮತ್ತು ಹಿಂದಿ ವ್ಯವಹಾರಕ್ಕೆ ಸಾಕಾದರೂ ನೆರೆಹೊರೆಯವರ ಸ್ನೇಹ ದೊರೆಯುವುದು ಬಂಗಾಳಿಯಿಂದಲೇ. ಮೈಸೂರು ಸಂಸ್ಥಾನದಲ್ಲಿದ್ದುಕೊಂಡೇ ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ಮಾದರಿ ನಮ್ಮೆದುರಿಗಿದೆ. ಸಾಮಾನ್ಯ ಸಂಸ್ಕೃತ ಪದಸಂಪತ್ತು ಕನ್ನಡಿಗರಿಗೆ ಬಂಗಾಳಿಯ ಅರ್ಧ ದಾರಿಯನ್ನು ಸವೆಸಿಕೊಡುತ್ತದೆ.

ಕಠಿಣವಾದುದು ಮಕ್ಕಳ ಪ್ರಶ್ನೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಶಾಲೆಯಲ್ಲಿ ಕಲಿಸುವವರಿಲ್ಲದಿದ್ದರೆ ಪಟ್ಟಿಯಿಂದ ಪ್ರಯೋಜನವಿಲ್ಲ. ತಂದೆ ಹಗಲೆಲ್ಲ ಕನ್ನಡ ಪುಸ್ತಕಗಳನ್ನು ಪಟ್ಟಿಮಾಡಿ ಸಂಜೆ ಮನೆಗೆ ಬಂದಾಗ ಮಗಳಿಗೆ ಅವುಗಳ ಹೆಸರನ್ನು ಓದಲು ಬಾರದಿರುವುದು ಅಸಂಭವವೇನಲ್ಲ. ಈ ನಷ್ಟವನ್ನು ತಡೆಯುವ ಹೊಣೆ ಅಲ್ಲಿ ಪೂರ್ತಿಯಾಗಿ ಮನೆಯದೇ. ಮುಂಬಯಿಯಂತೆ ಅದನ್ನು ಹಂಚಿಕೊಳ್ಳಲು ದೊಡ್ಡ ಸಮುದಾಯವಿಲ್ಲ.

ವಿದೇಶದ ನಗರಗಳಿಗೂ ಈ ಅಳತೆಗೋಲು ಸಲ್ಲುತ್ತದೆ. ಸಿಂಗಪುರದಲ್ಲಿ ಕನ್ನಡ ಸಂಘವಿದೆ. ಅಲ್ಲಿಗೆ ಹೋಗುವ ಎಂಜಿನಿಯರ್ ಕೆಲಸಕ್ಕೆ ಕನ್ನಡ ಬೇಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕನ್ನಡ ಬಲ್ಲವರು ಬೇಕು. ಆದರೆ ಅದು ಕನ್ನಡ ಪುಸ್ತಕಗಳನ್ನು ಸಂಗ್ರಹಿಸುವುದು ನವದೆಹಲಿಯ ತನ್ನ ಕಚೇರಿಯ ಮೂಲಕ. ನಾವು ಹೋಗಬೇಕಾದ ಊರು ಯಾವುದೆಂಬುದು ಕೆಲವೊಮ್ಮೆ ನಕ್ಷೆಯಿಂದ ತಿಳಿಯುವುದಿಲ್ಲ.

ಒಟ್ಟಿನಲ್ಲಿ, ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳುವುದು ಲೇಸು: ಅಲ್ಲಿ ಕನ್ನಡವನ್ನು ಬೇಡುವ ಕಚೇರಿ ಇದೆಯೇ? ಆ ಊರಿನ ಭಾಷೆಯನ್ನು ಮೂರನೆಯದಾಗಿ ಕಲಿಯಲು ನಮಗೆ ಮನಸ್ಸಿದೆಯೇ? ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುವವರು ಯಾರು? ಮೊದಲ ಪ್ರಶ್ನೆಗೆ ಕೊಲ್ಕತ್ತಾ ಹೌದೆನ್ನುತ್ತದೆ. ಉಳಿದ ಎರಡಕ್ಕೆ ಹೋಗುವವರೇ ಉತ್ತರ ಹೇಳಬೇಕು.