ವಿಂಡೋ ನಿರ್ವಾಹಕ ತಂತ್ರಾಂಶ

ವಿಂಡೋ ನಿರ್ವಾಹಕ ತಂತ್ರಾಂಶ ಎಂದರೆ ಗಣಕಯಂತ್ರದ ಪರದೆಯ ಮೇಲೆ ತೆರೆದುಕೊಳ್ಳುವ ಆಯತಾಕಾರದ ಚೌಕಟ್ಟುಗಳನ್ನು, ಅಂದರೆ ವಿಂಡೋಗಳನ್ನು, ಇರಿಸುವ, ಸರಿಸುವ, ಹಿಗ್ಗಿಸುವ, ಕುಗ್ಗಿಸುವ, ಮರೆಮಾಡುವ ಹಾಗೂ ಅವುಗಳ ಅಂಚು, ಗುಂಡಿ ಮತ್ತು ಶೀರ್ಷಿಕೆಪಟ್ಟಿಗಳಿಗೆ ರೂಪ ಕೊಡುವ ತಂತ್ರಾಂಶ. ವಿಂಡೋದ ಒಳಗಿರುವ ಬರಹ, ಚಿತ್ರ, ಲೆಕ್ಕಪತ್ರಗಳು ಆಯಾ ಅನ್ವಯ ತಂತ್ರಾಂಶಕ್ಕೆ ಸೇರಿದವು. ಅವುಗಳನ್ನು ಸುತ್ತುವರಿದ ಚೌಕಟ್ಟು ನಿರ್ವಾಹಕಕ್ಕೆ ಸೇರಿದ್ದು. ಇದು ಕೆಲವು ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಬೇರ್ಪಡಿಸಲಾಗದ ಅಂಗವಾಗಿದೆ, ಮತ್ತೆ ಕೆಲವುಗಳಲ್ಲಿ ಬಳಕೆದಾರನು ಇಷ್ಟಬಂದಂತೆ ಬದಲಿಸಬಹುದಾದ ಪ್ರತ್ಯೇಕ ತಂತ್ರಾಂಶವಾಗಿದೆ. ಇದರ ಜೊತೆಗೆ, ಇರುವ ನಿರ್ವಾಹಕಕ್ಕೆ ಹೊಸ ಅನುಕೂಲಗಳನ್ನು ಸೇರಿಸುವ ಸಣ್ಣಪುಟ್ಟ ಉಪಕರಣ ತಂತ್ರಾಂಶಗಳೂ ಬಳಕೆಯಲ್ಲಿವೆ.

ಹೆಸರು

ಕನ್ನಡಕ್ಕೆ ಅನುವಾದಗೊಂಡಿರುವ ಗ್ನೋಮ್ ಗಣಕತೆರೆಯಲ್ಲಿ ವಿಂಡೋ ಎಂಬುದಕ್ಕೆ ‘ಕಿಟಕಿ’ ಎಂಬ ಪದವನ್ನು ಬಳಸಲಾಗಿದೆ. ಕಿಟಕಿಯಿಂದ ನಾವು ಹೊರಗೆ ನೋಡುತ್ತೇವೆ, ಪರದೆಯ ಕಿಟಕಿಯಲ್ಲಾದರೋ ಒಳಗೇ ಕೆಲಸ ಮಾಡುತ್ತೇವೆ. ಆದರೂ ಪದ ಸಹಜವಾಗಿಯೇ ಇದೆ. ಜನರ ಮಾತಿನಲ್ಲಿ ‘ವಿಂಡೋ’ ಎಂಬುದೇ ನೆಲೆಗೊಂಡಿರುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಲಾಗಿದೆ. ‘ವಿಂಡೋಸ್’ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯ ಕಾರ್ಯಾಚರಣಾ ವ್ಯವಸ್ಥೆಯ ಹೆಸರು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಇತಿಹಾಸ

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗಲ್‌ಬರ್ಟ್ ನೀಡಿದ ಪ್ರಾತ್ಯಕ್ಷಿಕೆಯಲ್ಲಿ ಮೌಸ್ ಮತ್ತು ವಿಭಾಗಿಸಿದ ಪರದೆ ಮೊದಲ ಬಾರಿಗೆ ಸಾರ್ವಜನಿಕರ ಕಣ್ಣಿಗೆ ಬಿದ್ದವು. ಒಂದರ ಮೇಲೊಂದು ಹರಡಿದ ಕಾಗದಗಳಂತೆ ಕಾಣುವ ವಿಂಡೋಗಳು 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ ರೂಪುಗೊಂಡವು. (ನಮ್ಮ ಊರುಗಳಲ್ಲಿ ನಕಲು ಪ್ರತಿಗೆ ಹೆಸರೇ ಆಗಿಹೋಗಿರುವ ಜೆರಾಕ್ಸ್ ಇದೇ ಸಂಸ್ಥೆ.) ಆ್ಯಪಲ್ ಸಂಸ್ಥೆಯು 1983ರಲ್ಲಿ ಲಿಸಾ, 1984ರಲ್ಲಿ ಮ್ಯಾಕಿಂತಾಶ್ ಯಂತ್ರಗಳ ಮೂಲಕ ಈ ಕಲ್ಪನೆಯನ್ನು ಮಾರುಕಟ್ಟೆಗೆ ತಂದಿತು. 1985ರ ನವೆಂಬರ್‌ನಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ನೆಲಹಾಸಿನ ಕಲ್ಲುಗಳಂತೆ ಪಕ್ಕಪಕ್ಕದಲ್ಲಿ ಮಾತ್ರ ಕೂರುತ್ತಿದ್ದವು. ಒಂದರ ಮೇಲೊಂದು ಬರುವ ಸೌಲಭ್ಯ ದೊರೆತದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಹಳೆಯದೆಂದು ಬಿಟ್ಟ ಆ ನೆಲಹಾಸು ಪದ್ಧತಿಯೇ ಈಗ ಹೊಸ ಸೌಲಭ್ಯವೆಂಬಂತೆ ಮರಳಿ ಬಂದಿರುವುದು ಸ್ವಾರಸ್ಯಕರ.

ಯುನಿಕ್ಸ್ ಲೋಕದಲ್ಲಿ ಬೇರೆಯೇ ಮಾರ್ಗ ತೆರೆಯಿತು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯು ಪರದೆಯ ಮೇಲೆ ಚಿತ್ರಿಸುವ ಸಾಮರ್ಥ್ಯವನ್ನು ಮಾತ್ರ ಒದಗಿಸಿ, ವಿಂಡೋ ಹೇಗಿರಬೇಕು, ಎಲ್ಲಿರಬೇಕು ಎಂಬ ನಿರ್ಣಯವನ್ನು ಪ್ರತ್ಯೇಕ ತಂತ್ರಾಂಶಕ್ಕೆ ಬಿಟ್ಟುಕೊಟ್ಟಿತು. ಮನೆ ಕಟ್ಟಿದವನು ಬೇರೆ, ಒಳಗಿನ ಸಾಮಾನು ಜೋಡಿಸುವವನು ಬೇರೆ ಎಂಬಂತಹ ವ್ಯವಸ್ಥೆ ಇದು. ಇದರಿಂದಾಗಿ ಟಿಡಬ್ಲ್ಯುಎಂ, ಎಫ್‌ವಿಡಬ್ಲ್ಯುಎಂ, ವಿಂಡೋ ಮೇಕರ್, ಓಪನ್‌ಬಾಕ್ಸ್, ಐ3 ಮೊದಲಾದ ಹತ್ತಾರು ನಿರ್ವಾಹಕಗಳು ಹುಟ್ಟಿಕೊಂಡವು. ಲಿನಕ್ಸ್ ಬಳಸುವವರು ಈಗ ಹೆಚ್ಚಾಗಿ ಕಾಣುವುದು ಕೆಡಿಇ ಗಣಕತೆರೆಯ ಕೆವಿನ್ ಮತ್ತು ಗ್ನೋಮ್ ಗಣಕತೆರೆಯ ಮಟರ್ ಎಂಬ ಎರಡನ್ನು.

ಕಾರ್ಯವಿಧಾನ

ಅನ್ವಯ ತಂತ್ರಾಂಶವೊಂದು ಪರದೆಯ ಮೇಲೆ ಸ್ಥಳ ಬೇಕೆಂದು ಕೇಳಿದಾಗ ನಿರ್ವಾಹಕವು ಮಧ್ಯೆ ಪ್ರವೇಶಿಸಿ ಸ್ಥಳವನ್ನು ನಿಗದಿಪಡಿಸುತ್ತದೆ, ಸುತ್ತ ಚೌಕಟ್ಟನ್ನು ಬರೆಯುತ್ತದೆ, ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಯಾವ ವಿಂಡೋಗೆ ಹೋಗಬೇಕೆಂಬುದನ್ನು ತೀರ್ಮಾನಿಸುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಎಲ್ಲ ವಿಂಡೋಗಳೂ ನೇರವಾಗಿ ಪರದೆಯ ಮೇಲೆಯೇ ಚಿತ್ರಿತವಾಗುತ್ತಿದ್ದವು. ಈಗ ಪ್ರತಿಯೊಂದು ವಿಂಡೋ ಮೊದಲು ಸ್ಮರಣೆಯಲ್ಲಿ ಪ್ರತ್ಯೇಕವಾಗಿ ಚಿತ್ರಿತವಾಗಿ, ಆಮೇಲೆ ಒಟ್ಟಾಗಿ ಪರದೆಗೆ ಬರುತ್ತದೆ. ನೆರಳು, ಪಾರದರ್ಶಕತೆ, ಚಿಕ್ಕ ಗಾತ್ರದ ಮುನ್ನೋಟಗಳು ಸಾಧ್ಯವಾದದ್ದು ಇದರಿಂದಲೇ. ವಿಂಡೋಸ್ ವಿಸ್ಟಾದಲ್ಲಿ ಈ ವಿಧಾನ ಬಂದಿತು. ಲಿನಕ್ಸ್‌ನಲ್ಲಿ 2006ರ ಕಂಪಿಜ಼್ ಇದನ್ನು ಜನಪ್ರಿಯಗೊಳಿಸಿತು. ಕಂಪಿಜ಼್‌ನಲ್ಲಿ ವಿಂಡೋವನ್ನು ಎಳೆದರೆ ಅದು ಲೋಳೆಯಂತೆ ಬಳುಕುತ್ತಿತ್ತು, ಇಡೀ ಗಣಕತೆರೆ ಘನಾಕೃತಿಯಾಗಿ ತಿರುಗುತ್ತಿತ್ತು. ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ.

ಪ್ರಚಲಿತ ಉಪಕರಣಗಳು

ವಿಂಡೋಸ್‌ನಲ್ಲಿ ನಿರ್ವಾಹಕವನ್ನು ಬದಲಿಸಲು ಅವಕಾಶವಿಲ್ಲ. ಆದ್ದರಿಂದ ಅಲ್ಲಿ ಸಹಾಯಕ ಉಪಕರಣಗಳು ಬೆಳೆದವು. ಸ್ಟಾರ್‌ಡಾಕ್ ಸಂಸ್ಥೆಯ ವಿಂಡೋಬ್ಲೈಂಡ್ಸ್ ಚೌಕಟ್ಟು ಹಾಗೂ ಗುಂಡಿಗಳ ರೂಪವನ್ನು ಬದಲಿಸುತ್ತದೆ. ರೇನ್‌ಮೀಟರ್ ಗಣಕತೆರೆಯ ಮೇಲೆ ಗಡಿಯಾರ, ಹವಾಮಾನ ಮುಂತಾದವನ್ನು ತೋರಿಸುತ್ತದೆ. ಮೈಕ್ರೋಸಾಫ್ಟ್ ತಾನೇ ವಿಂಡೋಸ್ 95ರ ಕಾಲದಲ್ಲಿ ‘ಪವರ್‌ಟಾಯ್ಸ್’ ಎಂಬ ಉಚಿತ ಉಪಕರಣಗಳ ಗುಚ್ಛವನ್ನು ನೀಡಿತ್ತು. 2019ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಪುನಃ ಆರಂಭಿಸಲಾಯಿತು. ಇದರ ‘ಫ್ಯಾನ್ಸಿಜ಼ೋನ್ಸ್’ ಪರದೆಯನ್ನು ಬಳಕೆದಾರನು ಗೆರೆ ಎಳೆದಂತೆ ವಿಭಾಗಿಸಿ, ಶಿಫ್ಟ್ ಕೀಲಿ ಒತ್ತಿಹಿಡಿದು ಎಳೆದ ವಿಂಡೋವನ್ನು ಆಯಾ ವಿಭಾಗದಲ್ಲಿ ಕೂರಿಸುತ್ತದೆ.

ಆದರೆ ಸಾಮಾನ್ಯ ಬಳಕೆದಾರನಿಗೆ ಬೇಕಾದ ಬಹುಪಾಲು ಸೌಲಭ್ಯಗಳು ಈಗ ವ್ಯವಸ್ಥೆಯೊಳಗೇ ಇವೆ ಎಂಬುದನ್ನು ಹಲವರು ಗಮನಿಸಿರುವುದಿಲ್ಲ. 2009ರ ವಿಂಡೋಸ್ 7ರಿಂದ ಈಚೆಗೆ ವಿಂಡೋಸ್ ಕೀಲಿಯೊಂದಿಗೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ವಿಂಡೋ ಪರದೆಯ ಅರ್ಧಭಾಗಕ್ಕೆ ಸರಿದು ನಿಲ್ಲುತ್ತದೆ. ಎಡಭಾಗದಲ್ಲಿ ಮೂಲ ಲೇಖನ, ಬಲಭಾಗದಲ್ಲಿ ಕನ್ನಡ ಅನುವಾದ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದೊಂದೇ ಸಾಕು. ವಿಂಡೋಸ್ 10ರಲ್ಲಿ ಒಂದಕ್ಕಿಂತ ಹೆಚ್ಚು ಗಣಕತೆರೆಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಬಂದಿತು. ಲಿನಕ್ಸ್‌ನಲ್ಲಿ ‘ಕಾರ್ಯಕ್ಷೇತ್ರ’ ಎಂಬ ಹೆಸರಿನಲ್ಲಿ ಇದು ಮೊದಲಿನಿಂದಲೂ ಇತ್ತು. ಕೆವಿನ್‌ನ ‘ವಿಂಡೋ ನಿಯಮ’ಗಳ ಮೂಲಕ, ನಿಘಂಟಿನ ವಿಂಡೋ ಯಾವಾಗಲೂ ಬಲತುದಿಯಲ್ಲೇ ಇಂತಿಷ್ಟು ಅಗಲದಲ್ಲಿ ತೆರೆಯಲಿ ಎಂದು ಒಮ್ಮೆ ತಿಳಿಸಿಬಿಡಬಹುದು. ಮ್ಯಾಕ್‌ನಲ್ಲಿ ಇಂತಹ ಕೆಲಸಕ್ಕೆ ರೆಕ್ಟ್ಯಾಂಗಲ್ ಎಂಬ ಉಚಿತ ಉಪಕರಣವಿದೆ. 2024ರ ಆವೃತ್ತಿಯಿಂದ ವ್ಯವಸ್ಥೆಯಲ್ಲೇ ಈ ಸೌಲಭ್ಯವನ್ನು ಕೊಡಲಾಗಿದೆ.

ಕನ್ನಡ ಮತ್ತು ವಿಂಡೋ ನಿರ್ವಾಹಕ

ವಿಂಡೋದ ಒಳಗೆ ಕನ್ನಡ ಮೂಡುವುದು ಒಂದು ಸಮಸ್ಯೆ, ಅದರ ಶೀರ್ಷಿಕೆಪಟ್ಟಿಯಲ್ಲಿ ಕನ್ನಡ ಮೂಡುವುದು ಮತ್ತೊಂದು. ನುಡಿ, ಬರಹ ತಂತ್ರಾಂಶಗಳ ಆರಂಭಿಕ ಕಾಲದಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ ಫಾಂಟುಗಳನ್ನು ಬಳಸಲಾಗುತ್ತಿತ್ತು. ಕಡತದ ಒಳಗೆ ಆ ಫಾಂಟನ್ನು ಆಯ್ದುಕೊಂಡರೆ ಕನ್ನಡ ಕಾಣುತ್ತಿತ್ತು. ಶೀರ್ಷಿಕೆಪಟ್ಟಿಯನ್ನು ಬರೆಯುವ ನಿರ್ವಾಹಕವಾದರೋ ವ್ಯವಸ್ಥೆಯ ಫಾಂಟನ್ನೇ ಬಳಸುತ್ತಿದ್ದುದರಿಂದ, ಅದೇ ಪದವನ್ನು ಅಲ್ಲಿಟ್ಟರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತಿತ್ತು. ವಿಂಡೋಸ್‌ನ ಗೋಚರತೆಯ ಸಂಯೋಜನೆಯಲ್ಲಿ ಶೀರ್ಷಿಕೆಪಟ್ಟಿಯ ಫಾಂಟನ್ನು ಕನ್ನಡ ಫಾಂಟಿಗೆ ಬದಲಿಸಲು ಅವಕಾಶವಿತ್ತಾದರೂ, ಹಾಗೆ ಮಾಡಿದಾಗ ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಓದಲಾಗದ ಕನ್ನಡ ತುಣುಕುಗಳಾಗುತ್ತಿದ್ದವು. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಹೋಗುತ್ತಿತ್ತು.

ಈ ತೊಡಕು ಬಿಡಿಸಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸಂಕೇತಸ್ಥಾನಗಳಿದ್ದರೂ, ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಫಾಂಟಾದ ‘ತುಂಗಾ’ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಡನೆ. ಅಲ್ಲಿಯೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಅಳವಡಿಸಿಕೊಳ್ಳಬೇಕಾಗಿತ್ತು. ಲಿನಕ್ಸ್‌ನಲ್ಲಿ ಸ್ಥಿತಿ ಈಗಲೂ ಒಂದೇ ಬಗೆಯದಲ್ಲ. ಪ್ಯಾಂಗೋ ಎಂಬ ಅಕ್ಷರವಿನ್ಯಾಸ ಸಾಧನವನ್ನು ಬಳಸುವ ನಿರ್ವಾಹಕಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ; ಡಿಡಬ್ಲ್ಯುಎಂನಂತಹ ಅತಿ ಸರಳ ನಿರ್ವಾಹಕಗಳಲ್ಲಿ ಅಂತಹ ಜೋಡಣೆ ಇಲ್ಲದ್ದರಿಂದ ಗುಣಿತಾಕ್ಷರ, ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಕೊಪ್ಪಳ’ ಎಂದು ಹೆಸರಿಟ್ಟ ಕಡತವನ್ನು ತೆರೆದು ಶೀರ್ಷಿಕೆಯಲ್ಲಿ ‘ಪ’ಕಾರದ ಕೆಳಗೆ ಒತ್ತು ಬಂದಿದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಶೀರ್ಷಿಕೆಪಟ್ಟಿಯ ಎತ್ತರವೂ ಮುಖ್ಯ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಕಿರಿದಾದ ಪಟ್ಟಿಯಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗಬಹುದು. ಅಂದದ ಹೊದಿಕೆಗಳನ್ನು ರಚಿಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಅಪರೂಪ.

ಕೀಲಿಮಣೆಯ ಸಂಗತಿ ದಿನನಿತ್ಯದ್ದು. ನುಡಿ ತಂತ್ರಾಂಶದಲ್ಲಿ ಸ್ಕ್ರೋಲ್ ಲಾಕ್ ಕೀಲಿಯಿಂದ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಿಕೊಳ್ಳುವ ರೂಢಿಯಿತ್ತು. ವಿಂಡೋಸ್‌ನದೇ ಕೀಲಿಮಣೆಗಳನ್ನು ಬಳಸುವವರು ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಭಾಷೆಯನ್ನು ಬದಲಿಸುತ್ತಾರೆ. ವಿಂಡೋಸ್ 7ರವರೆಗೆ ಪ್ರತಿಯೊಂದು ಅನ್ವಯವೂ ತನ್ನ ಭಾಷೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ವಿಂಡೋಸ್ 8ರಿಂದ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುವಂತೆ ಮಾಡಲಾಗಿದೆ. ಪ್ರತಿ ವಿಂಡೋಗೆ ಪ್ರತ್ಯೇಕ ಭಾಷೆ ಇರಲಿ ಎಂಬ ಆಯ್ಕೆ ಭಾಷಾ ಸಂಯೋಜನೆಗಳಲ್ಲಿ ಈಗಲೂ ಇದೆ, ಗ್ನೋಮ್‌ನಲ್ಲಿಯೂ ಇದೆ. ಒಂದು ವಿಂಡೋದಲ್ಲಿ ಕನ್ನಡ ಲೇಖನ, ಇನ್ನೊಂದರಲ್ಲಿ ಇಂಗ್ಲಿಷ್ ಪತ್ರವ್ಯವಹಾರ ಇಟ್ಟುಕೊಳ್ಳುವವರು ಇದನ್ನು ಮೊದಲು ಹುಡುಕಿಕೊಳ್ಳುವುದು ಲೇಸು.

ಪಟ್ಟಿಗಳ ಅನುವಾದದಲ್ಲಿ ಒಂದು ವಿಶೇಷವಿದೆ. ಕನ್ನಡದ ಗ್ನೋಮ್‌ನಲ್ಲಿ ಆಯ್ಕೆಯ ಕನ್ನಡ ಪದದ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಒಂದು ರೋಮನ್ ಅಕ್ಷರವನ್ನು ಕೊಟ್ಟಿರುತ್ತಾರೆ; ಕೀಲಿಮಣೆಯಿಂದ ಆ ಆಯ್ಕೆಯನ್ನು ಆರಿಸಲು ಒತ್ತಬೇಕಾದ ಅಕ್ಷರ ಅದು. ಕಣ್ಣಿಗೆ ತುಸು ಅಡ್ಡಿಯೆನಿಸಿದರೂ, ಒಂದೇ ಕೀಲಿಯೊತ್ತಿನಲ್ಲಿ ಕನ್ನಡದ ಸಂಯುಕ್ತಾಕ್ಷರ ಮೂಡದಿರುವುದರಿಂದ ಈ ಮಾರ್ಗವನ್ನು ಹಿಡಿಯಲಾಗಿದೆ. ಸ್ವಯಂಸೇವಕರ ಅನುವಾದ ನಿಂತರೆ ಹೊಸ ಆವೃತ್ತಿಯ ಹೊಸ ವಾಕ್ಯಗಳು ಇಂಗ್ಲಿಷಿನಲ್ಲಿಯೇ ಉಳಿದು, ಪಟ್ಟಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗುತ್ತದೆ.

ಶಾಲೆಗಳಲ್ಲಿ ಬಳಕೆ

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಿಂದ ನಡೆದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದೊಂದಿಗೆ ಉಬುಂಟು ಲಿನಕ್ಸ್ ಬಳಕೆಯ ತರಬೇತಿ ನೀಡಲಾಯಿತು. ಆ ವರ್ಷಗಳ ಉಬುಂಟುವಿನ ಯೂನಿಟಿ ಗಣಕತೆರೆಯಲ್ಲಿ ಮುಚ್ಚುವ, ಕುಗ್ಗಿಸುವ ಗುಂಡಿಗಳು ವಿಂಡೋದ ಎಡತುದಿಯಲ್ಲಿದ್ದವು. ಎಕ್ಸ್‌ಪಿಯಲ್ಲಿ ಪಳಗಿದ ಕೈ ಬಲಕ್ಕೇ ಹೋಗುತ್ತಿತ್ತು. 2017ರ ಅಕ್ಟೋಬರ್‌ನಲ್ಲಿ ಉಬುಂಟು ಗ್ನೋಮ್‌ಗೆ ಮರಳಿದಾಗ ಗುಂಡಿಗಳೂ ಬಲಕ್ಕೆ ಮರಳಿದವು. ಈಗ ‘ಗ್ನೋಮ್ ಟ್ವೀಕ್ಸ್’ ಎಂಬ ಉಪಕರಣದಿಂದ ಬೇಕಾದ ಬದಿಗೆ ಹಾಕಿಕೊಳ್ಳಬಹುದು. ಇಷ್ಟು ಸಣ್ಣ ವ್ಯತ್ಯಾಸವೂ ಹೊಸದಾಗಿ ಕಲಿಯುವ ಹಿರಿಯರನ್ನು ಧೃತಿಗೆಡಿಸಬಲ್ಲದು.

ಪ್ರೊಜೆಕ್ಟರ್ ಬಳಸುವ ತರಗತಿಗಳಲ್ಲಿ ಇನ್ನೊಂದು ತೊಂದರೆ ಸಾಮಾನ್ಯ. ಪರದೆಯನ್ನು ವಿಸ್ತರಿಸಿ ಬಳಸುವಾಗ ವಿಂಡೋ ಪ್ರೊಜೆಕ್ಟರಿನ ಪರದೆಗೆ ಹೋಗಿ ಮೇಜಿನ ಮೇಲಿನ ಯಂತ್ರದಲ್ಲಿ ಕಾಣದಂತಾಗುತ್ತದೆ. ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಂದಿಗೆ ಬಾಣದ ಕೀಲಿ ಒತ್ತಿದರೆ ಅದು ಒಂದು ಪರದೆಯಿಂದ ಇನ್ನೊಂದಕ್ಕೆ ಬರುತ್ತದೆ. ಶೀರ್ಷಿಕೆಪಟ್ಟಿಯೇ ಪರದೆಯ ಹೊರಗೆ ಹೋಗಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಬಳಿಕ ಎಂ ಅಕ್ಷರ ಒತ್ತಿ, ಬಾಣದ ಕೀಲಿಗಳಿಂದ ಒಳಕ್ಕೆ ತರಬಹುದು.

ಸ್ಮರಣಶಕ್ತಿ ಕಡಿಮೆಯಿರುವ ಹಳೆಯ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಗಣಕತೆರೆ ಅಥವಾ ಓಪನ್‌ಬಾಕ್ಸ್ ಆಧಾರಿತ ಎಲ್‌ಎಕ್ಸ್‌ಡಿಇ ಸೂಕ್ತ. ಮೂಲೆಗೆ ಸರಿಸಿದ ಪ್ರಯೋಗಾಲಯದ ಗಣಕಗಳನ್ನು ಬರವಣಿಗೆ, ಟೈಪಿಂಗ್ ಅಭ್ಯಾಸಕ್ಕೆ ಮತ್ತೆ ಬಳಸಿಕೊಳ್ಳಲು ಇವು ಸಾಕು.

ಸುರಕ್ಷತೆ

ವಿಂಡೋಗಳನ್ನು ನಿಯಂತ್ರಿಸುವ ಉಪಕರಣವು ಇತರ ತಂತ್ರಾಂಶಗಳ ಶೀರ್ಷಿಕೆಗಳನ್ನು ಓದುತ್ತದೆ, ಹಲವು ವೇಳೆ ಕೀಲಿಯೊತ್ತುಗಳನ್ನೂ ಆಲಿಸುತ್ತದೆ. ಆದ್ದರಿಂದ ಅಪರಿಚಿತ ಜಾಲತಾಣಗಳಿಂದ ಇಳಿಸಿಕೊಂಡ ‘ಅಂದಗಾಣಿಸುವ’ ತಂತ್ರಾಂಶಗಳು ಗುಪ್ತಪದಗಳನ್ನು ಕದಿಯಲು ಅವಕಾಶವಿರುತ್ತದೆ. ಎಕ್ಸ್ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಮತ್ತೊಂದರ ಕೀಲಿಯೊತ್ತುಗಳನ್ನು ಗಮನಿಸಬಹುದಾಗಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಇದಕ್ಕೆ ತಡೆ ಹಾಕಿದೆ. ಇದರ ಫಲವಾಗಿ, ಇತರ ವಿಂಡೋಗಳನ್ನು ಹೊರಗಿನಿಂದ ಸರಿಸುತ್ತಿದ್ದ ಡಬ್ಲ್ಯುಎಂಕಂಟ್ರೋಲ್‌ನಂತಹ ಹಳೆಯ ಉಪಕರಣಗಳು ವೇಲ್ಯಾಂಡ್‌ನ ವಿಂಡೋಗಳ ಮೇಲೆ ಕೆಲಸ ಮಾಡುವುದಿಲ್ಲ. ಅಂತಹ ಅನುಕೂಲಗಳನ್ನು ಮಟರ್, ಕೆವಿನ್ ಮೊದಲಾದವುಗಳೊಳಗೆ ವಿಸ್ತರಣೆಗಳಾಗಿ ಸೇರಿಸಬೇಕಾಗುತ್ತದೆ.