ಕೈಗಾಕ್ಕೂ ಹೊರಗಿನ ಕರೆಂಟು ಬೇಕು

ಮುಂಗಾರು ಪೂರ್ವದ ಗಾಳಿಮಳೆಗೆ ಬೆಂಗಳೂರಿನ ಮೂಡಲಪಾಳ್ಯದಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ. ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಓಣಿ ಪೂರ್ತಿ ಕತ್ತಲು. ಯುಪಿಎಸ್ ಇರುವ ಮನೆಯಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಶುರುವಾಗುವ ತನಕ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿರುತ್ತದೆ. ಎರಡೂ ಇಲ್ಲದವರು ಬೆಸ್ಕಾಂನ 1912ಕ್ಕೆ ಫೋನ್ ಮಾಡುತ್ತಾರೆ. ಲೈನು, ಜನರೇಟರ್, ಬ್ಯಾಟರಿ ಎಂಬ ಇದೇ ಏರ್ಪಾಟು ಕಾರವಾರ ತಾಲ್ಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲೂ ಇದೆ, ಬಹಳ ದೊಡ್ಡದಾಗಿ. ನಾಡಿಗೆ ಕರೆಂಟು ಕೊಡುವ ಸ್ಥಾವರಕ್ಕೇ ಹೊರಗಿನಿಂದ ಕರೆಂಟು ಯಾಕೆ ಬೇಕು ಎಂಬುದು ಈ ಅಧ್ಯಾಯದ ವಿಷಯ.

ಕಲ್ಲಿದ್ದಲಿನ ಸ್ಥಾವರದಲ್ಲಿ ಉರುವಲು ನಿಲ್ಲಿಸಿದರೆ ಬೆಂಕಿ ಆರುತ್ತದೆ. ರಿಯಾಕ್ಟರ್‌ನಲ್ಲಿ ಹಾಗಲ್ಲ. ನಿಯಂತ್ರಣ ಸರಳುಗಳು ಇಳಿದೊಡನೆ ಯುರೇನಿಯಂ ಪರಮಾಣುಗಳು ಒಡೆಯುವುದು ನಿಲ್ಲುತ್ತದೆ, ನಿಜ. ಆದರೆ ಅಷ್ಟರೊಳಗೆ ಒಡೆದು ಉಂಟಾದ ಚೂರುಗಳು ವಿಕಿರಣ ಸೂಸುತ್ತ ಶಾಖ ಕೊಡುತ್ತಲೇ ಇರುತ್ತವೆ. ಈ ಉಳಿಕೆ ಶಾಖಕ್ಕೆ ಸ್ವಿಚ್ ಇಲ್ಲ. ಕೈಗಾದ ಒಂದು ಘಟಕ 220 ಮೆಗಾವಾಟ್ ವಿದ್ಯುತ್ ಕೊಡಬೇಕಾದರೆ ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ನಿಲ್ಲಿಸಿದ ಮರುಕ್ಷಣ ಅದರಲ್ಲಿ ಶೇ. 6ರಿಂದ 7ರಷ್ಟು, ಅಂದರೆ 50 ಮೆಗಾವಾಟ್ ಆಸುಪಾಸು, ಹಾಗೇ ಇರುತ್ತದೆ. ಪಕ್ಕದ ಕದ್ರಾ ಜಲವಿದ್ಯುದಾಗಾರದ ಒಂದು ಯಂತ್ರದ ಪೂರ್ಣ ಸಾಮರ್ಥ್ಯ ಅಷ್ಟು. ಒಂದು ಗಂಟೆಯ ಬಳಿಕ ಉಳಿಕೆ ಶಾಖ 10 ಮೆಗಾವಾಟ್‌ಗೆ, ಒಂದು ದಿನದ ಬಳಿಕ 4ರ ಹತ್ತಿರಕ್ಕೆ ಇಳಿಯುತ್ತದೆ. ಈ ಶಾಖವನ್ನು ಹೊರಗೆ ಸಾಗಿಸಲು ನೀರು ಹರಿಯಬೇಕು, ನೀರು ಹರಿಸಲು ಪಂಪ್ ಬೇಕು, ಪಂಪ್‌ಗೆ ಕರೆಂಟು ಬೇಕು. ತಾನೇ ನಿಂತುಹೋದ ಸ್ಥಾವರಕ್ಕೆ ಆ ಕರೆಂಟು ಮೊದಲು ಬರಬೇಕಾದದ್ದು ಗ್ರಿಡ್‌ನಿಂದ.

ಕಾಳಿ ನದಿಯ ದಂಡೆಯ ಈ ಕಾಡಿನ ಕಣಿವೆಯಿಂದ 400 ಕಿಲೋವೋಲ್ಟ್ ಲೈನುಗಳು ಧಾರವಾಡದ ಬಳಿಯ ನರೇಂದ್ರಕ್ಕೂ ದಾವಣಗೆರೆ ಕಡೆಯ ಗುತ್ತೂರಿಗೂ ಹೋಗುತ್ತವೆ. 220 ಕಿಲೋವೋಲ್ಟ್ ಲೈನುಗಳು ನದಿಯ ಮೇಲ್ಭಾಗದ ಕೊಡಸಳ್ಳಿಗೂ ಕೆಳಭಾಗದ ಕದ್ರಾಕ್ಕೂ ಇವೆ. ಸ್ಥಾವರದ ಸ್ವಂತ ಬಳಕೆಗೆ ಎರಡು ದಾರಿ. ತನ್ನದೇ ಜನರೇಟರ್‌ನಿಂದ ಪಡೆಯುವ ಯೂನಿಟ್ ಟ್ರಾನ್ಸ್‌ಫಾರ್ಮರ್ ಒಂದು, ಹೊರಗಿನ 220 ಕಿಲೋವೋಲ್ಟ್‌ನಿಂದ ಪಡೆಯುವ ಸ್ಟಾರ್ಟ್‌ಅಪ್ ಟ್ರಾನ್ಸ್‌ಫಾರ್ಮರ್ ಇನ್ನೊಂದು. ಒಂದು ಕೈಕೊಟ್ಟರೆ ಇನ್ನೊಂದು ತಕ್ಷಣ ಪೂರ್ತಿ ಹೊರೆ ಹೊರುತ್ತದೆ. ಎರಡೂ ಹೋದರೆ ಡೀಸೆಲ್ ಜನರೇಟರ್‌ಗಳು ಏಳುತ್ತವೆ. ಅವು ಏಳುವ ತನಕ ನಿಯಂತ್ರಣ ಕೊಠಡಿಯ ಮೀಟರುಗಳನ್ನೂ ಮುಖ್ಯ ಕವಾಟಗಳನ್ನೂ ಬ್ಯಾಟರಿಗಳು ನೋಡಿಕೊಳ್ಳುತ್ತವೆ. ನಮ್ಮ ಅಣು ಸ್ಥಾವರಗಳಲ್ಲಿ ಈ ಸರಬರಾಜುಗಳಿಗೆ ದರ್ಜೆಗಳಿವೆ. ಬ್ಯಾಟರಿಯದು ಮೊದಲ ದರ್ಜೆ, ಗ್ರಿಡ್‌ನದು ನಾಲ್ಕನೆಯದು. ಗ್ರಿಡ್ ಎಷ್ಟೇ ದೊಡ್ಡದಿರಲಿ, ವಿನ್ಯಾಸಗಾರರು ಅದನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದಾರೆ.

ಗ್ರಿಡ್ ಕುಸಿದರೆ ಇನ್ನೊಂದು ಪೇಚೂ ಇದೆ. ತಯಾರಾದ ವಿದ್ಯುತ್ತಿಗೆ ಹೋಗಲು ಜಾಗವೇ ಇರುವುದಿಲ್ಲ, ಟರ್ಬೈನ್ ವೇಗ ಏರತೊಡಗುತ್ತದೆ. ಆಗ ಉತ್ಪಾದನೆಯನ್ನು ಸ್ವಂತ ಬಳಕೆಯ ಮಟ್ಟಕ್ಕೆ, ಅಂದರೆ ಹತ್ತರಲ್ಲೊಂದು ಪಾಲಿನಷ್ಟಕ್ಕೆ, ಇಳಿಸಿ ಉಸಿರು ಹಿಡಿದುಕೊಳ್ಳುವ ಪ್ರಯತ್ನ ನಡೆಯುತ್ತದೆ. ಅದು ಫಲಿಸದೆ ರಿಯಾಕ್ಟರ್ ಟ್ರಿಪ್ ಆಗಿ ನಿಂತಿತೆನ್ನಿ. ಸ್ವಲ್ಪ ಹೊತ್ತಿನಲ್ಲೇ ಒಳಗೆ ಕ್ಸೆನಾನ್ ಎಂಬ ನ್ಯೂಟ್ರಾನ್ ನುಂಗುವ ಧಾತು ಹೆಚ್ಚುತ್ತದೆ. ಅದು ಕರಗುವವರೆಗೆ, ಒಂದು ದಿನಕ್ಕೂ ಹೆಚ್ಚು ಕಾಲ, ಮತ್ತೆ ಚಾಲೂ ಮಾಡಲಾಗದು. ಹೀಗಾಗಿ ಕತ್ತಲಾದ ನಾಡಿಗೆ ಮೊದಲ ದೀಪ ಹಚ್ಚಲು ಅಣು ಸ್ಥಾವರದಿಂದ ಆಗುವುದಿಲ್ಲ. ಆ ಕೆಲಸ ಜಲವಿದ್ಯುತ್ತಿನದು: ಸಣ್ಣದೊಂದು ಡೀಸೆಲ್ ಜನರೇಟರ್ ಇದ್ದರೆ ನೀರಿನ ಟರ್ಬೈನು ಹೊರಗಿನ ಕರೆಂಟಿಲ್ಲದೆಯೂ ತಿರುಗುತ್ತದೆ. ಕದ್ರಾ ಮತ್ತು ಕೊಡಸಳ್ಳಿ ಪಕ್ಕದಲ್ಲೇ ಇರುವುದು ಕೈಗಾದ ಭಾಗ್ಯ. ಕದ್ರಾ ಜಲಾಶಯ ಸ್ಥಾವರಕ್ಕೆ ತಂಪಾಗಿಸುವ ನೀರನ್ನೂ ಕೊಡುತ್ತದೆ.

ದಕ್ಷಿಣದ ಗ್ರಿಡ್ಡಿನ ಕಥೆಯೂ ಇಲ್ಲಿ ಸೇರುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೆ ಬಿಸಿ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಲಯದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಅದನ್ನು ದೇಶದ ಗ್ರಿಡ್ಡಿಗೆ ಜೋಡಿಸಿತು. ದೊಡ್ಡ ಗ್ರಿಡ್ ಸುಲಭಕ್ಕೆ ಅಲುಗಾಡದು; ಅಲುಗಾಡಿದರೆ ಕಂಪನ ದೂರದವರೆಗೆ ಮುಟ್ಟುತ್ತದೆ. ಕೈಗಾದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಹೊಗಳಿಕೆಯೆಲ್ಲ ರಿಯಾಕ್ಟರಿನವರಿಗೆ ಸಂದಿತು. ಅಷ್ಟು ದಿನ, ಮೂರು ಮಳೆಗಾಲ ಸೇರಿ, ಗ್ರಿಡ್ಡಿನ ಯಾವ ಏರುಪೇರೂ ಅದನ್ನು ಕೆಡವಲಿಲ್ಲ ಎಂಬುದಕ್ಕೆ ಘಟ್ಟದ ಕಾಡಿನಲ್ಲಿ ಟವರುಗಳ ಕೆಳಗೆ ಮರ ಸವರಿದವರಿಗೂ ಶಹಬ್ಬಾಸ್ ಸಲ್ಲಬೇಕಿತ್ತು.

ಇಷ್ಟೆಲ್ಲ ಏರ್ಪಾಟಿದ್ದೂ ಕೈಕೊಟ್ಟ ಪ್ರಸಂಗ ನಮ್ಮಲ್ಲೇ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದ 1ನೇ ಘಟಕದಲ್ಲಿ ಟರ್ಬೈನಿನ ಅಲಗುಗಳು ಮುರಿದವು. ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಎಣ್ಣೆಗೂ ಬೆಂಕಿ ತಗುಲಿತು, ಬೆಂಕಿ ಕೇಬಲ್‌ಗಳಿಗೆ ಹಬ್ಬಿತು. ಡೀಸೆಲ್ ಜನರೇಟರ್‌ಗಳಿದ್ದವು, ಆದರೆ ಅವುಗಳ ಕರೆಂಟು ಸಾಗುವ ಕೇಬಲ್‌ಗಳೂ ಸುಟ್ಟಿದ್ದವು. ಸುಮಾರು 17 ಗಂಟೆ ಸ್ಥಾವರ ಕತ್ತಲಲ್ಲಿತ್ತು. ರಿಯಾಕ್ಟರ್ ಮತ್ತೆ ಜೀವ ತಳೆಯದಿರಲೆಂದು ಸಿಬ್ಬಂದಿ ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಬೋರಾನ್ ದ್ರಾವಣ ಇಳಿಯುವ ಕವಾಟಗಳನ್ನು ಕೈಯಿಂದ ತಿರುಗಿಸಿದರು. ಬೆಂಕಿ ಆರಿಸಲು ಇಟ್ಟಿದ್ದ, ನೇರವಾಗಿ ಡೀಸೆಲ್ ಎಂಜಿನ್ನಿಂದಲೇ ಓಡುವ ಪಂಪ್‌ಗಳಿಂದ ಸ್ಟೀಮ್ ಜನರೇಟರ್‌ಗಳಿಗೆ ನೀರು ಹರಿಸಿದರು. ಈ ಬಗೆಯ ಭಾರಜಲ ರಿಯಾಕ್ಟರುಗಳಲ್ಲಿ ಸ್ಟೀಮ್ ಜನರೇಟರುಗಳು ಎತ್ತರದಲ್ಲಿರುವುದರಿಂದ ಬಿಸಿ ದ್ರವ ತಾನಾಗಿ ಮೇಲೇರಿ, ತಣ್ಣಗಾಗಿ ಇಳಿಯುತ್ತದೆ. ಹೀಗೆ ಪಂಪಿಲ್ಲದೆಯೂ ಶಾಖ ಹೊರಹೋಯಿತು, ವಿಕಿರಣ ಹೊರಬೀಳಲಿಲ್ಲ.

ಫುಕುಶಿಮಾದಲ್ಲೂ ಆದದ್ದು ಇದೇ ಜಾತಿಯ ಎಡವಟ್ಟು. 2011ರ ಮಾರ್ಚ್ 11ರ ಭೂಕಂಪ ಹೊರಗಿನ ಲೈನುಗಳನ್ನೆಲ್ಲ ಕಡಿದಿತ್ತು. ಡೀಸೆಲ್‌ಗಳು ಸರಿಯಾಗೇ ಎದ್ದವು, ಆದರೆ ಒಂದು ಗಂಟೆಯೊಳಗೆ ಬಂದ ಸುನಾಮಿ ತಗ್ಗಿನಲ್ಲಿದ್ದ ಜನರೇಟರ್‌ಗಳನ್ನೂ ಸ್ವಿಚ್‌ಗೇರ್‌ಗಳನ್ನೂ ಒಟ್ಟಿಗೆ ಮುಳುಗಿಸಿತು. ಚೆರ್ನೋಬಿಲ್‌ನ ಸಂಗತಿ ಇನ್ನೂ ವಿಚಿತ್ರ. 1986ರ ಏಪ್ರಿಲ್ 26ರ ಆ ರಾತ್ರಿ ಅಲ್ಲಿ ನಡೆಸುತ್ತಿದ್ದ ಪರೀಕ್ಷೆಯೇ ಈ ಕುರಿತದ್ದು: ಹೊರಗಿನ ಕರೆಂಟು ಹೋಗಿ ಡೀಸೆಲ್ ಏಳುವ ನಡುವಿನ ಒಂದು ನಿಮಿಷದಷ್ಟು ಅವಧಿಯಲ್ಲಿ, ನಿಲ್ಲುತ್ತಿರುವ ಟರ್ಬೈನಿನ ಸುತ್ತಾಟದಿಂದಲೇ ಪಂಪ್ ಓಡಿಸಬಹುದೇ ಎಂದು. ಯುಕ್ರೇನಿನ ಝಪೊರಿಝಿಯಾ ಸ್ಥಾವರವಂತೂ ಯುದ್ಧದಲ್ಲಿ ಲೈನುಗಳನ್ನು ಪದೇ ಪದೇ ಕಳೆದುಕೊಂಡು ಡೀಸೆಲ್ ನಂಬಿ ದಿನ ದೂಡಿದೆ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಲೈನು ಎಷ್ಟು, ಜನರೇಟರ್ ಎಷ್ಟು ಎಂಬ ಎಣಿಕೆಯಿಂದ ಧೈರ್ಯ ತಂದುಕೊಳ್ಳುವಂತಿಲ್ಲ. ಒಂದು ಬೆಂಕಿಗೆ, ಒಂದು ನೆರೆಗೆ ಎಲ್ಲವೂ ಒಟ್ಟಿಗೆ ಸಿಗುವಂತಿದ್ದರೆ ನಾಲ್ಕಿದ್ದರೂ ಒಂದೇ. ನರೋರಾದ ಬಳಿಕ ನಮ್ಮ ಸ್ಥಾವರಗಳಲ್ಲಿ ಕೇಬಲ್ ದಾರಿಗಳನ್ನು ಬೇರ್ಪಡಿಸಿ ಬೆಂಕಿತಡೆ ಹಾಕಲಾಯಿತು. ಫುಕುಶಿಮಾದ ಬಳಿಕ ಹೊರಗಿನಿಂದ ನೀರು ತುಂಬಲು ಪೈಪು ಜೋಡಿಸುವ ವ್ಯವಸ್ಥೆಗಳು ಬಂದವು.

ಕೈಗಾದಲ್ಲಿ ಈಗ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಸರದಿ. ಈ ಮಾದರಿಯಲ್ಲಿ ವಿದ್ಯುತ್ತಿನ ಹಂಗಿಲ್ಲದೆ ಉಳಿಕೆ ಶಾಖ ತೆಗೆಯುವ ವ್ಯವಸ್ಥೆಯನ್ನೇ ಸೇರಿಸಿದ್ದಾರೆ, ಒಳ್ಳೆಯ ಹೆಜ್ಜೆ. ಆದರೆ ಶಾಖವೂ ಮೂರು ಪಟ್ಟು ಹೆಚ್ಚು. 2018ರ ಡಿಸೆಂಬರ್‌ನಲ್ಲಿ ಇವುಗಳ ಕುರಿತು ಸಾರ್ವಜನಿಕ ಅಹವಾಲು ಸಭೆ ನಡೆದಿತ್ತು. ಇಂಥ ಸಭೆಗೆ ಮುಂದೆ ಹೋಗುವವರು ವಿಕಿರಣ, ಕಾಡು, ಪರಿಹಾರಗಳ ಜೊತೆಗೆ ಇದನ್ನೂ ಕೇಳಿ: ಹೊಸ ಲೈನುಗಳು ಹಳೆಯವುಗಳ ಪಕ್ಕದಲ್ಲೇ, ಅದೇ ಕಣಿವೆಯಲ್ಲಿ, ಅದೇ ಗುಡ್ಡಕುಸಿತದ ದಾರಿಯಲ್ಲಿ ಬರುತ್ತವೆಯೋ, ಬೇರೆ ದಾರಿ ಹಿಡಿಯುತ್ತವೆಯೋ? ಉತ್ತರವನ್ನು ನಕ್ಷೆಯ ಮೇಲೆ ತೋರಿಸಲು ಹೇಳಿ.